ಸೂತಕ ಬೇರೆ, ಸೋಂಕು ಬೇರೆ



ಕಳೆದ ಹತ್ತಿ ಸುಗ್ಗಿಯ ಒಂದು ಸೋಮವಾರ ಮಧ್ಯಾಹ್ನ ಪ್ರಸಾದ ಮುಗಿಸಿಕೊಂಡು ನಾವು ಮಠದ ಕಚೇರಿಯಲ್ಲಿ ಲೆಕ್ಕದ ಪುಸ್ತಕ ಬರೆಯುತ್ತಿದ್ದೆವು. ಅರ್ಧ ಗಂಟೆಯ ಅಂತರದಲ್ಲಿ ಇಬ್ಬರು ಭಕ್ತರು ಬಂದರು. ಇಬ್ಬರ ದೂರೂ ಚಿಕ್ಕ ಮಕ್ಕಳನ್ನು ಕೂಡಿಸುವ ಜಾಗದ ಮೇಲೆಯೇ. ಆದರೆ ಒಬ್ಬರದು ಪೂರ್ವಕ್ಕೆ ಮುಖ ಮಾಡಿದ್ದರೆ ಇನ್ನೊಬ್ಬರದು ಪಶ್ಚಿಮಕ್ಕೆ.

ಮೊದಲು ಬಂದವರು ಆದವಾನಿ ಪೇಟೆಯ ವ್ಯಾಪಾರಿಗಳು. ಅವರ ಮೊಮ್ಮಗ ಮಠದ ಆವರಣದ ಶಿಶುವಿಹಾರಕ್ಕೆ ಬರುತ್ತಾನೆ. ಅವನಿಗೆ ದಡಾರ ಬಂದಿತ್ತು. "ಕಾರ್ಯದರ್ಶಿಗಳೇ, ದಾಸೋಹ ನಡೆಸ್ರಿ, ಬ್ಯಾಡ ಅನ್ನೋದಿಲ್ಲ. ಆದ್ರೆ ಆ ಕೇರಿ ಹುಡುಗರನ್ನ ಬೇರೆ ಕೋಣೆಯಾಗ ಕೂಡಿಸ್ರಿ. ನಮ್ಮ ಹುಡುಗನಿಗೆ ಬಂದದ್ದು ಅವರಿಂದಲೇ" ಎಂದರು.

ಎರಡನೆಯವರು ಹೊಳಗುಂದದ ಕಡೆಯ ಹಳ್ಳಿಯೊಂದರ ಹಿರಿಯ ರೈತರು. ಅವರ ಮೊಮ್ಮಗಳಿಗೆ ಭೇದಿಯಾಗಿತ್ತು. ಊರ ಅಂಗನವಾಡಿಯ ಟೀಚರ್ ಮಗುವನ್ನು ಮನೆಗೆ ಕಳಿಸಿ, ನಿಂತ ಮೇಲೆ ಕರೆತನ್ನಿ ಎಂದಿದ್ದರು. ಹಿರಿಯರಿಗೆ ಬಹಳ ನೋವಾಗಿತ್ತು. "ನಾವು ಲಿಂಗವಂತರು. ನಮಗೆ ಸೂತಕ ಇಲ್ಲ, ಮೈಲಿಗೆ ಇಲ್ಲ. ಕೂಸಿಗೆ ನಾಕು ಸಲ ಭೇದಿ ಆದ್ರೆ ಹೊರಗಿಡು ಅಂತ ಬಸವಣ್ಣನವರು ಹೇಳ್ಯಾರೇನ್ರಿ?" ಎಂದು ಕೇಳಿದರು.

ಪೂಜ್ಯರ ಸನ್ನಿಧಿಯಲ್ಲಿ ಎರಡನ್ನೂ ಅರಿಕೆ ಮಾಡಿಕೊಂಡೆವು. ಅವರು ನಕ್ಕು, "ಇಬ್ಬರಿಗೂ ಒಂದೇ ಉತ್ತರ ಬರೆಯಿರಿ, ಪತ್ರಿಕೆಯಲ್ಲಿ ಹಾಕಿರಿ" ಎಂದು ಅಪ್ಪಣೆ ಕೊಟ್ಟರು. ಅಪ್ಪಣೆಯಾಗಿ ಎರಡು ತಿಂಗಳಾದವು. ತಡವಾದದ್ದಕ್ಕೆ ಕಾರಣ, ಉತ್ತರ ನಾವೆಣಿಸಿದಷ್ಟು ಸುಲಭವಾಗಿರಲಿಲ್ಲ.

ಶರಣರು ಅಲ್ಲಗಳೆದ ಸೂತಕಗಳು ಐದು. ಜನನ, ಮರಣ, ರಜಸ್ಸು, ಎಂಜಲು, ಜಾತಿ. ಹುಟ್ಟಿನಿಂದಾಗಲಿ, ದೇಹದ ಸಹಜ ವ್ಯಾಪಾರದಿಂದಾಗಲಿ ಮನುಷ್ಯನು ಕೀಳಾಗುವುದಿಲ್ಲ, ಅವನನ್ನು ಮುಟ್ಟಿದವನೂ ಕೀಳಾಗುವುದಿಲ್ಲ ಎಂಬುದು ಅದರ ಅರ್ಥವೆಂದು ನಾವು ತಿಳಿದಿದ್ದೇವೆ. ಕೊಳೆಯನ್ನು ಕೊಳೆಯಲ್ಲ ಎಂದು ಅವರು ಹೇಳಿದ್ದಿಲ್ಲ. ಪ್ರಸಾದಕ್ಕೆ ಎಂಜಲಿನ ಸೂತಕವಿಲ್ಲ ಎಂದರೆ ಮಗುವಿನ ಮೂಗಿನ ಸಿಂಬಳ ಒರೆಸಿದ ಕೈಯಲ್ಲಿ ಇನ್ನೊಂದು ಮಗುವಿಗೆ ತುತ್ತು ಕೊಡಬೇಕೆಂದಾಗುವುದಿಲ್ಲ. ಸೂತಕ ಇರುವುದು ನೋಡುವವನ ಮನಸ್ಸಿನಲ್ಲಿ. ಸೋಂಕು ಇರುವುದು ಸಿಂಬಳದಲ್ಲಿ, ಮಲದಲ್ಲಿ, ಕೆಮ್ಮಿದ ಗಾಳಿಯಲ್ಲಿ, ತೊಳೆಯದ ಉಗುರಿನ ಸಂದಿಯಲ್ಲಿ. ಅದಕ್ಕೆ ಲಿಂಗವಂತರ ಮನೆ ಯಾವುದು, ಬೇರೆಯವರ ಮನೆ ಯಾವುದು ಎಂಬುದು ತಿಳಿಯದು. ಇಷ್ಟರಮಟ್ಟಿಗೆ ಹೊಳಗುಂದದ ಕಡೆಯ ಹಿರಿಯರಿಗೆ ನಮ್ಮ ಉತ್ತರ ಸ್ಪಷ್ಟ. ಟೀಚರ್ ಮಾಡಿದ್ದು ಸರಿ. ಭೇದಿ ನಿಂತು ಎರಡು ದಿನ ಕಳೆಯುವವರೆಗೆ ಮಗು ಮನೆಯಲ್ಲಿರುವುದೇ ಒಳ್ಳೆಯದು. ಅಷ್ಟರಲ್ಲಿ ಒಂದು ಪೊಟ್ಟಣ ಓ.ಆರ್.ಎಸ್. ಪುಡಿಯನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸುವುದು, ನರ್ಸಮ್ಮ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ಬಿಡದೆ 14 ದಿನ ಪೂರೈಸುವುದು, ಊಟ ನಿಲ್ಲಿಸದಿರುವುದು. ಕಣ್ಣು ಒಳಗೆ ಹೋಗಿ ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ಆಸ್ಪತ್ರೆಗೆ ಹೋಗಬೇಕು. ಭೇದಿಯಾದಾಗ ನೀರು ಕೊಡಬಾರದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಈಗಲೂ ಕೇಳುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಮುಗಿದುಹೋದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಸಕ್ಕರೆಯ ಇಂಥ ನೀರನ್ನು ಬಾಯಿಂದಲೇ ಕುಡಿಸಿ ಜೀವ ಉಳಿಸಿದ್ದನ್ನು ಆ ಮಾತಾಡುವವರಿಗೆ ಹೇಳಬೇಕು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ವ್ಯಾಪಾರಿಗಳು ಹೋದ ಮೇಲೆ ನಾವು ಎದ್ದು ಶಿಶುವಿಹಾರಕ್ಕೆ ಹೋಗಿ ನೋಡಿದೆವು. ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳವಿತ್ತು, ಆದರೆ ನಲ್ಲಿ ಇರಲಿಲ್ಲ. ಮಕ್ಕಳು ಒಂದೇ ಸ್ಟೀಲ್ ಲೋಟವನ್ನು ಕೈ ಸಮೇತ ಅದ್ದಿ ಕುಡಿಯುತ್ತಿದ್ದರು. ಗೋಡೆಯ ಮೊಳೆಗೆ ಒಂದೇ ಟವೆಲ್ಲು, ಎಲ್ಲರ ಮುಖಕ್ಕೂ ಅದೇ. ಮಕ್ಕಳನ್ನು ತೊಳೆಸುವ ಆಯಾಳೇ ಅನ್ನ ಬಡಿಸುವವಳು. ಇದಕ್ಕೆ ಅವಳನ್ನು ದೂರುವಂತಿಲ್ಲ. ಇಬ್ಬರ ಕೆಲಸಕ್ಕೆ ಒಬ್ಬಳನ್ನೇ ಇಟ್ಟವರು ನಾವು. ಬಚ್ಚಲ ಹತ್ತಿರ ಸೋಪು ಇರಲಿಲ್ಲ. ಸೋಪಿನ ಬಾಬತ್ತು ಪ್ರತಿ ತಿಂಗಳೂ ನಮ್ಮ ಕೈಯಿಂದಲೇ ಖರ್ಚು ಬೀಳುತ್ತಿತ್ತು, ಸೋಪು ಮಾತ್ರ ಬೀರುವಿನಲ್ಲಿ ಭದ್ರವಾಗಿತ್ತು, ಮಕ್ಕಳು ಹಾಳು ಮಾಡುತ್ತಾರೆಂದು! ಬಿ.ಕಾಂ. ಓದಿದವರ ಲೆಕ್ಕ ಹೀಗಿರುತ್ತದೆ ಎಂದು ನಮ್ಮನ್ನು ನಾವೇ ಹಳಿದುಕೊಂಡೆವು.

ಒಳ್ಳೆಯ ಮನಸ್ಸಿನಿಂದ ಮಾಡುವ ಕೈಯೂ ರೋಗ ತರಬಲ್ಲದು ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯರು, ಶವ ಕೊಯ್ದು ಬಂದ ಕೈಯಲ್ಲೇ ಹೆರಿಗೆ ಮಾಡಿಸುವುದರಿಂದ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದಾರೆಂದು ಕಂಡುಕೊಂಡರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆ ತಂದ ಮೇಲೆ ಸಾವು ಬಹಳ ಇಳಿಯಿತು. ಆದರೂ ಆ ಕಾಲದ ಅನೇಕ ದೊಡ್ಡ ವೈದ್ಯರು ಅದನ್ನು ಒಪ್ಪಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ನೀರೇ ಇರುವುದಿಲ್ಲ, ಕೈ ತೊಳೆಯುವ ಮಾತೆಲ್ಲಿ ಎಂದು ಕೇಳುವವರಿದ್ದಾರೆ, ಅದು ಸುಳ್ಳಲ್ಲ. ಅದಕ್ಕೆ ನಮ್ಮ ಆಯಾಳೇ ಉಪಾಯ ಹುಡುಕಿದಳು. ಹಳೆಯ ಐದು ಲೀಟರಿನ ಎಣ್ಣೆ ಡಬ್ಬಿಗೆ ಮೊಳೆಯಿಂದ ಸಣ್ಣ ತೂತು ಮಾಡಿ ಕಡ್ಡಿ ಸಿಕ್ಕಿಸಿ ಬೇವಿನ ಕೊಂಬೆಗೆ ಕಟ್ಟಿದ್ದಾಳೆ. ಕಡ್ಡಿ ತೆಗೆದರೆ ಸಣ್ಣಗೆ ನೀರು ಬೀಳುತ್ತದೆ. ತಂಬಿಗೆಯಲ್ಲಿ ಸುರಿಯುವುದಕ್ಕಿಂತ ಬಹಳ ಕಡಿಮೆ ನೀರು ಸಾಕು.

ಇನ್ನು ಆದವಾನಿಯ ವ್ಯಾಪಾರಿಗಳ ಮಾತು. ಮಕ್ಕಳನ್ನು ಬೇರೆ ಕೂಡಿಸಿ ಎಂದರು. ಬೇರೆ ಇಡುವುದೇ ತಪ್ಪೆಂದು ನಾವೂ ಹೇಳುತ್ತಿಲ್ಲ, ಈಗತಾನೆ ಭೇದಿಯ ಮಗುವನ್ನು ಬೇರೆ ಇಡಿರೆಂದು ಬರೆದೆವು. ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು? ನಮಗೆ ತೋರಿದ್ದು ಇಷ್ಟು. ಸೋಂಕಿಗೆ ತಾರೀಖು ಇರುತ್ತದೆ. ದಡಾರದ ಗುಳ್ಳೆ ಕಾಣಿಸಿದ ಮೇಲೆ ನಾಲ್ಕು ದಿನ ಕಳೆದರೆ ಅದು ಇನ್ನೊಬ್ಬರಿಗೆ ಹಬ್ಬುವುದಿಲ್ಲ. ಸೀತಾಳೆ ಸಿಡುಬಾದರೆ ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆಗಟ್ಟುವವರೆಗೆ. ಕಜ್ಜಿಯಾದರೆ ಮನೆಮಂದಿಯೆಲ್ಲ ಒಟ್ಟಿಗೆ ಔಷಧಿ ಹಚ್ಚಿಕೊಂಡ ಮರುದಿನದವರೆಗೆ. ಬರೀ ನೆಗಡಿಯಾದರೆ, ಜ್ವರವಿಲ್ಲದೆ ಮಗು ಆಡಿಕೊಂಡಿದ್ದರೆ, ಹೊರಗಿಡುವ ಕಾರಣವೇ ಇಲ್ಲ. ಯಾವ ಮಗುವನ್ನು ಯಾವ ದಿನ ಮನೆಗೆ ಕಳಿಸಿದೆವು, ಯಾವ ದಿನ ಮರಳಿ ಕರೆಯುತ್ತೇವೆ ಎಂದು ಪುಸ್ತಕದಲ್ಲಿ ಬರೆಯಲು ಸಾಧ್ಯವಿದ್ದರೆ ಅದು ಆರೈಕೆ. "ಆ ಕೇರಿಯ ಮಕ್ಕಳು" ಎಂದಾಗ ಮರಳಿ ಕರೆಯುವ ತಾರೀಖನ್ನು ಯಾವ ಕಾಲಮಿನಲ್ಲಿ ಬರೆಯಬೇಕು? ಆ ಮಕ್ಕಳಲ್ಲಿ ಅಂದು ರೋಗವಿಲ್ಲದವರೇ ಹೆಚ್ಚು. ಅವರನ್ನು ಬೇರೆ ಕೂಡಿಸಿದರೆ ಮಠದ ಆವರಣದಲ್ಲಿ ನಾವೇ ಜಾತಿಸೂತಕವನ್ನು ಮತ್ತೆ ಸ್ಥಾಪಿಸಿದಂತೆ, ಅದೂ ವೈದ್ಯಶಾಸ್ತ್ರದ ಹೆಸರಿನಲ್ಲಿ.

ಇನ್ನೊಂದು ಮಾತು. ದಡಾರವು ಗುಳ್ಳೆ ಕಾಣುವುದಕ್ಕೆ ನಾಲ್ಕು ದಿನ ಮೊದಲಿನಿಂದಲೇ ಹಬ್ಬುತ್ತದೆ. ಆಗ ಇರುವುದು ಬರೀ ಜ್ವರ, ಕೆಮ್ಮು, ಕೆಂಪು ಕಣ್ಣು. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಅದು ಉಳಿಯಬಲ್ಲದು. ಲಸಿಕೆಯಾಗದ 10 ಮಕ್ಕಳು ಅದರ ಹತ್ತಿರ ಬಂದರೆ 9 ಮಕ್ಕಳಿಗೆ ತಗಲುತ್ತದೆಂದು ವೈದ್ಯರು ಹೇಳುತ್ತಾರೆ. ಹಾಜರಿ ಪುಸ್ತಕ ತೆಗೆದು ನೋಡಿದಾಗ, ವ್ಯಾಪಾರಿಗಳ ಮೊಮ್ಮಗ ಜ್ವರ ಕೆಮ್ಮಿನೊಡನೆ ಎರಡು ದಿನ ಶಿಶುವಿಹಾರಕ್ಕೆ ಬಂದಿದ್ದು ಕಂಡಿತು. ಯಾರಿಂದ ಯಾರಿಗೆ ಬಂತೆಂಬುದನ್ನು ಹೇಳಬಲ್ಲವರು ಯಾರು? ಇದನ್ನು ಅವರಿಗೆ ತೋರಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಹೋದರು.

ನಮ್ಮ ಹಿರಿಯರು ಈ ವಿಷಯದಲ್ಲಿ ಅಷ್ಟು ಅಜ್ಞಾನಿಗಳಾಗಿರಲಿಲ್ಲ. ಅಮ್ಮ ಬಂದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಬೇವಿನಿಂದ ರೋಗ ಹೋಗುತ್ತಿತ್ತೋ ಇಲ್ಲವೋ, ಸೊಪ್ಪು ಕಂಡವರು ಒಳಗೆ ಬರುತ್ತಿರಲಿಲ್ಲ, ಮನೆಯವರೂ ನೆಂಟರ ಮನೆಗೆ ಹೋಗುತ್ತಿರಲಿಲ್ಲ. ಪ್ಲೇಗು ಬಂದ ಕಾಲದಲ್ಲಿ ಊರಿಗೆ ಊರೇ ಹೊರಬಿದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕತೆಯನ್ನು ನಾವು ಅಜ್ಜನ ಬಾಯಿಂದ ಕೇಳಿದ್ದೇವೆ. ಆಗ ಗೌಡರೂ ಗುಡಿಸಲಲ್ಲಿದ್ದರು, ಆಳುಗಳೂ ಗುಡಿಸಲಲ್ಲಿದ್ದರು.

ಈಗ ಕಷ್ಟದ ಭಾಗಕ್ಕೆ ಬರುತ್ತೇವೆ. ಐದು ದಿನ ಮಗುವನ್ನು ಮನೆಯಲ್ಲಿಡಿರಿ ಎಂದು ಬರೆಯುವುದು ಸುಲಭ. ಮನೆಯಲ್ಲಿಡುವವರು ಯಾರು? ಅಕ್ಟೋಬರಿನಿಂದ ಜನವರಿಯವರೆಗೆ ನಮ್ಮ ಸೀಮೆಯ ಕೂಲಿ ಹೆಣ್ಣುಮಕ್ಕಳು ಹೊತ್ತು ಮೂಡುವ ಮುಂಚೆ ಆಟೋ ಹತ್ತಿ ಹತ್ತಿ ಬಿಡಿಸಲು ಹೋಗುತ್ತಾರೆ. ಬಿಡಿಸಿದ ತೂಕದ ಮೇಲೆ ಕೂಲಿ. ಅವಳಿಗೆ ರಜೆಯೆಂಬುದಿಲ್ಲ. ಜ್ವರದ ಮಗುವಿಗೆ ಮುಖ ತೊಳೆಸಿ, ಕುಂಕುಮವಿಟ್ಟು, ಏನೂ ಆಗಿಲ್ಲವೆಂಬಂತೆ ಅಂಗನವಾಡಿಯಲ್ಲಿ ಬಿಟ್ಟು ಹೋಗುತ್ತಾಳೆ. ಅವಳಿಗೆ ತಿಳಿಯದೆಂದಲ್ಲ. ನಾವು ಒಬ್ಬ ತಾಯಿಯನ್ನು ಕೇಳಿದಾಗ ಅವಳು ಹೇಳಿದ್ದು: "ಗೊತ್ತೈತ್ರಿ ಸ್ವಾಮಿ. ನಾ ಹೋಗದಿದ್ರೆ ಸಾವುಕಾರ್ರು ನಾಳೆ ಬೇರೇರನ್ನ ಕರೀತಾರೆ."

ಭಕ್ತ ಬಂಧುಗಳೇ, ಆ ಸಾಹುಕಾರರು ಯಾರು? ಈ ಪತ್ರಿಕೆಯನ್ನು ಓದುತ್ತಿರುವವರಲ್ಲಿ ಅರ್ಧ ಜನ. ಬೆಳಿಗ್ಗೆ ಆಟೋ ಕಳಿಸಿ ತಾಯಿಯನ್ನು ಹೊಲಕ್ಕೆ ಕರೆಸಿಕೊಂಡವರು ನಾವು. ಮಧ್ಯಾಹ್ನ ಅವಳ ಮಗುವಿನಿಂದ ನಮ್ಮ ಮಗುವಿಗೆ ರೋಗ ಬಂತೆಂದು ದೂರು ಹೇಳುವವರೂ ನಾವು.

ಲೆಕ್ಕವನ್ನೇ ಹಾಕೋಣ. ಲೆಕ್ಕದ ಸಲುವಾಗಿ ದಿನದ ಕೂಲಿ ₹400 ಎಂದು ಹಿಡಿದರೆ ಐದು ದಿನ ಮನೆಯಲ್ಲಿದ್ದ ಒಬ್ಬ ತಾಯಿಗೆ ನಷ್ಟ ₹2,000. ಅವಳು ಮನೆಯಲ್ಲಿರದೆ ಇನ್ನೈದು ಮಕ್ಕಳಿಗೆ ರೋಗ ಹಬ್ಬಿದರೆ ಐದು ತಾಯಂದಿರ ನಷ್ಟ ₹10,000, ಜೊತೆಗೆ ಔಷಧಿ, ಆಟೋ, ಆಸ್ಪತ್ರೆ. ಹೊಲದ ಯಜಮಾನನಿಗೂ ಐದು ಆಳು ಕಡಿಮೆ, ಬಿಡಿಸದ ಹತ್ತಿಯ ಮೇಲೆ ಒಂದು ಮಳೆ ಬಿದ್ದರೆ ಬಣ್ಣ ಕೆಟ್ಟು ಮಾರ್ಕೆಟ್ಟಿನಲ್ಲಿ ದರ ಬೀಳುತ್ತದೆ. ಮೊದಲಿನ ₹2,000ದಲ್ಲಿ ಅರ್ಧವನ್ನು ಯಜಮಾನ ಕೊಟ್ಟರೂ ಅವನಿಗೆ ಲಾಭವೇ. ಆದರೆ ಕೇವಲ ಲಾಭಕ್ಕಾಗಿ ಕೊಡಿರೆಂದು ಮಠದಿಂದ ಹೇಳುವುದು ನಮಗೆ ಸರಿ ಕಾಣಲಿಲ್ಲ. ನಾಲ್ಕು ಮಂದಿಯ ಹಿತಕ್ಕಾಗಿ ಒಬ್ಬಳು ಮನೆಯಲ್ಲಿರಬೇಕೆಂದು ನಾವು ವಿಧಿಸುವುದಾದರೆ, ಆ ಭಾರವನ್ನು ಅವಳೊಬ್ಬಳ ತಲೆಯ ಮೇಲೆ ಹೊರಿಸಿ ಬರುವ ಹಕ್ಕು ನಮಗಿಲ್ಲ. ಇದು ಅವಳಿಗೆ ನಾವು ಮಾಡುವ ಉಪಕಾರವೂ ಅಲ್ಲ, ನಮ್ಮ ಸಾಲ.

ಇದನ್ನು ಸಭೆಯಲ್ಲಿ ಹೇಳಿದಾಗ ಒಬ್ಬ ರೈತರು ಎದ್ದು, "ಒಬ್ಬಾಕಿಗೆ ಕೊಟ್ರೆ ನಾಳೆ ಹತ್ತು ಮಂದಿ ಮಕ್ಕಳಿಗೆ ಜ್ವರ ಬರ್ತೈತ್ರಿ" ಎಂದರು. ಎಲ್ಲರೂ ನಕ್ಕರು. ಮಾತಿನಲ್ಲಿ ಹುರುಳಿದೆ. ಟೀಚರ್ ಅಥವಾ ನರ್ಸಮ್ಮನ ಚೀಟಿ ಇದ್ದರೆ ಕೊಡಿ ಎಂದೆವು. ಆಗಲೂ ಒಬ್ಬಿಬ್ಬರು ಮೋಸ ಮಾಡಬಹುದು. ದಾಸೋಹದ ಪಂಕ್ತಿಯಲ್ಲಿ ಎರಡು ಸಲ ಕೂರುವವರೂ ಇದ್ದಾರೆ, ಅದಕ್ಕಾಗಿ ದಾಸೋಹ ನಿಲ್ಲಿಸಿದವರಿಲ್ಲ. ಎರಡೆಕರೆಯ ರೈತನಿಗೆ ಕೊಡಲು ಹಣವೆಲ್ಲಿ ಎಂದು ಇನ್ನೊಬ್ಬರು ಕೇಳಿದರು. ಅದಕ್ಕೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಮುಂದೆ ಬೇರೆ ಕಡೆಯಿಂದ ಬಂತು, ಹೇಳುತ್ತೇವೆ.

ಅದಕ್ಕೆ ಮೊದಲು ಲಸಿಕೆಯ ವಿಷಯ. ಗುಳ್ಳೆ ಏಳುವ ಮೊದಲೇ ಹಬ್ಬುವ ರೋಗವನ್ನು ಬೇರೆ ಇಡುವುದರಿಂದ ಮಾತ್ರ ತಡೆಯಲಾಗದು. ದಡಾರ ಮತ್ತು ರುಬೆಲ್ಲಾದ ಲಸಿಕೆ 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ, ಸರ್ಕಾರದಿಂದ ಉಚಿತ. 100 ಮಕ್ಕಳಲ್ಲಿ 95 ಮಕ್ಕಳಿಗಾದರೂ ಎರಡೂ ಆಗಿದ್ದರೆ ರೋಗಕ್ಕೆ ದಾರಿ ಸಿಗುವುದಿಲ್ಲ. ಒಂಬತ್ತು ತಿಂಗಳೂ ತುಂಬದ ಕೂಸುಗಳನ್ನು ಕಾಯುವುದು ಅಕ್ಕ ಅಣ್ಣಂದಿರ ತೋಳಿಗೆ ಬಿದ್ದ ಸೂಜಿಯೇ. ಭೇದಿ ತರುವ ರೋಟಾವೈರಸ್ಸಿಗೆ 2016ರಲ್ಲಿ ದೇಶದಲ್ಲಿ ಮೊದಲು ಸರ್ಕಾರಿ ಲಸಿಕೆ ಆರಂಭವಾದ ನಾಲ್ಕು ರಾಜ್ಯಗಳಲ್ಲಿ ನಮ್ಮ ಆಂಧ್ರವೂ ಒಂದು. ಲಸಿಕೆಯೆಂದರೆ ಅನುಮಾನ ಪಡುವವರು ಒಂದನ್ನು ನೆನೆಯಬೇಕು. 1802ರ ಜೂನ್ 14ರಂದು ಮುಂಬಯಿಯಲ್ಲಿ ಈ ದೇಶದ ಮೊದಲ ಸಿಡುಬಿನ ಲಸಿಕೆ ಬಿದ್ದದ್ದು ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಹುಡುಗಿಗೆ, ಅಂಗನವಾಡಿಗೆ ಹೋಗುವ ವಯಸ್ಸಿನವಳಿಗೆ. ಅವಳ ತೋಳಿನಿಂದಲೇ ಲಸಿಕೆಯನ್ನು ಮುಂದಿನವರಿಗೆ ದಾಟಿಸಿದರು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬು ಕಂಡಿತು. ಅದೇ ವರ್ಷದ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಆರಂಭವಾಯಿತು.

ನಮ್ಮ ಗಡಿಯವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ನಮ್ಮ ಸೊಸೆಯಂದಿರ ತವರು ಮಾತ್ರ ಇನ್ನೂ ಸಿರುಗುಪ್ಪ, ಬಳ್ಳಾರಿಯ ಕಡೆಯೇ. ಚೊಚ್ಚಲ ಹೆರಿಗೆ ಅಲ್ಲಿ, ಮೊದಲ ಸೂಜಿಗಳು ಅಲ್ಲಿ, ಕಾರ್ಡು ಕನ್ನಡದಲ್ಲಿ. ಐದನೆಯ ತಿಂಗಳಿಗೆ ತೊಟ್ಟಿಲು ಇಲ್ಲಿಗೆ ಬರುತ್ತದೆ, ಕಾರ್ಡು ತವರಿನ ಟ್ರಂಕಿನಲ್ಲಿ ಉಳಿಯುತ್ತದೆ, ಇಲ್ಲಿಯ ನರ್ಸಮ್ಮನ ಪುಸ್ತಕದಲ್ಲಿ ಹೆಸರಿರುವುದಿಲ್ಲ. ಒಂಬತ್ತನೆಯ ತಿಂಗಳ ಸೂಜಿ ಎರಡೂ ರಾಜ್ಯಗಳ ನಡುವೆ ಬಿದ್ದುಹೋಗುತ್ತದೆ. ಕೋಸಿಗಿ, ಮಂತ್ರಾಲಯದ ಕಡೆಯಿಂದ ಗುಂಟೂರಿಗೆ ಗುಳೆ ಹೋಗುವವರ ಮಕ್ಕಳದೂ ಇದೇ ಪಾಡು. ಮಗುವನ್ನು ಕರೆತರುವಾಗ ಬೆಳ್ಳಿ ಉಡಿದಾರವನ್ನು ಮರೆಯದವರು ಕಾರ್ಡನ್ನೂ ಮರೆಯಬಾರದು. ಕಳೆದಿದ್ದರೂ ಚಿಂತೆಯಿಲ್ಲ, ಆದದ್ದನ್ನು ನರ್ಸಮ್ಮನಿಗೆ ಹೇಳಿ ಉಳಿದದ್ದನ್ನು ಹಾಕಿಸಬಹುದು. (ಅಂಗನವಾಡಿಯ ಮೊಟ್ಟೆಯ ಬಗ್ಗೆಯೂ ಬರೆಯಿರೆಂದು ಕೆಲವರು ಕೇಳಿದ್ದಾರೆ. ಆ ಜಗಳ ಇನ್ನೊಂದು ಸಂಚಿಕೆಗೆ.)

ಸಂಕ್ರಾಂತಿ ಕಳೆದ ಮೇಲೆ ಹೊಳಗುಂದದ ಕಡೆಯ ಹಿರಿಯರು ಮತ್ತೆ ಬಂದರು. ಈ ಸಲ ದೂರಿಲ್ಲ, ಸಮಾಚಾರ. ಅವರ ಹೊಲಕ್ಕೆ ಬರುವ ಕೂಲಿಯವಳ ಮಗಳಿಗೆ ದಡಾರ ಎದ್ದಿತ್ತು. ಕೊನೆಯ ಬಿಡಿಸುವಿಕೆ, ಅವಳಿಗೂ ಬಿಡುವಿಲ್ಲ, ಇವರಲ್ಲೂ ಕೈಯಲ್ಲಿ ಕಾಸಿಲ್ಲ. ಆಗ ಅವರ ಮನೆಯ ಅಜ್ಜಿ, "ನನಗೆ ಸಣ್ಣಾಕಿದ್ದಾಗಲೇ ಬಂದು ಹೋಗೈತಿ, ಕೂಸನ್ನ ಇಲ್ಲೇ ಮಲಗಿಸು" ಎಂದರಂತೆ. ಒಮ್ಮೆ ದಡಾರ ಬಂದವರಿಗೆ ಮತ್ತೆ ಬರುವುದು ಬಹಳ ಅಪರೂಪವೆಂಬುದು ಅಜ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನರ್ಸಮ್ಮ ಬಂದು, ಮನೆಯಲ್ಲಿ ಲಸಿಕೆಯಾಗದ ಕೂಸಾಗಲಿ ಬಸುರಿಯಾಗಲಿ ಇಲ್ಲವೆಂದು ಕೇಳಿ ತಿಳಿದು, ಮಗುವಿಗೆ ಎರಡು ದಿನ ವಿಟಮಿನ್ 'ಎ' ಹನಿ ಹಾಕಿದರು. ಉಸಿರಾಟ ಜೋರಾದರೆ ಕೂಡಲೇ ಆಸ್ಪತ್ರೆಗೆ ತರಬೇಕೆಂದು ಹೇಳಿಹೋದರು. ನಾಲ್ಕು ದಿನ ಆ ಮಗು ಅವರ ಪಡಸಾಲೆಯಲ್ಲಿ, ಅವರದೇ ಕೌದಿಯ ಮೇಲೆ ಮಲಗಿತ್ತು.

"ಓಣಿಯವರು ಏನಂದರು?" ಎಂದು ಕೇಳಿದೆವು.

"ರೋಗ ಹತ್ತುತೈತಿ ಅಂತ ಯಾರೂ ಅನ್ನಲಿಲ್ರಿ" ಎಂದರು ಹಿರಿಯರು. "ಪಡಸಾಲೆಯಾಗ ಯಾಕ ಮಲಗಿಸಿದ್ರಿ, ದನದ ಕೊಟ್ಟಿಗೆಯಾಗ ಜಾಗ ಇದ್ದಿಲ್ಲೇನು ಅಂತ ಕೇಳಿದ್ರು."

ಐದನೆಯ ದಿನ ಅಜ್ಜಿಯೇ ಮಗುವಿನ ಕೈ ಹಿಡಿದು ಅಂಗನವಾಡಿಗೆ ಕರೆದೊಯ್ದರು. ಟೀಚರ್ ಪುಸ್ತಕದಲ್ಲಿ ಮರಳಿದ ತಾರೀಖು ಬರೆದುಕೊಂಡು, ಹಿರಿಯರ ಮೊಮ್ಮಗಳ ಪಕ್ಕದಲ್ಲಿ, ಮೊದಲಿದ್ದ ಜಾಗದಲ್ಲೇ ಕೂಡಿಸಿದರು. ಆದವಾನಿಯ ವ್ಯಾಪಾರಿಗಳು ಮೊಮ್ಮಗನನ್ನು ನಮ್ಮ ಶಿಶುವಿಹಾರದಿಂದ ಬಿಡಿಸಿ ಪೇಟೆಯ ನರ್ಸರಿಗೆ ಸೇರಿಸಿದ್ದಾರೆ. ದಾಸೋಹಕ್ಕೆ ಅವರು ಕಳಿಸುವ ಅಕ್ಕಿ ಮಾತ್ರ ಈ ತಿಂಗಳೂ ಬಂದಿದೆ, ನಾವು ಜಮೆ ಬರೆದುಕೊಂಡಿದ್ದೇವೆ.